ಬಿಲ್ಲೆಯ ಸುತ್ತಲಿನ ವರ್ತುಲ

ವಿಷಮಶೀತ ಜ್ವರ ಅಥವಾ ಟೈಫಾಯಿಡ್ ಒಂದು ಕಾಲದಲ್ಲಿ ಮೂರು ನಾಲ್ಕು ವಾರಗಳ ಕಾಯಿಲೆಯಾಗಿತ್ತು. ಮಲಗಿದವರು ಏಳುವರೋ ಇಲ್ಲವೋ ಎಂದು ಮನೆಮಂದಿ ದಿನ ಎಣಿಸಬೇಕಾಗುತ್ತಿತ್ತು. ಹತ್ತು ರೋಗಿಗಳಲ್ಲಿ ಒಬ್ಬರಾದರೂ ಸಾಯುವುದು ಸಾಮಾನ್ಯವಾಗಿತ್ತು. 1948ರಲ್ಲಿ ಮಲಯದ ಕೌಲಾಲಂಪುರದಲ್ಲಿ ಕ್ಲೋರಾಂಫೆನಿಕಾಲ್ ಎಂಬ ಹೊಸ ಔಷಧವನ್ನು ಕೊಟ್ಟು ನೋಡಿದಾಗ ಮೂರು ನಾಲ್ಕು ದಿನಗಳಲ್ಲೇ ಜ್ವರ ಇಳಿಯಿತು. ಮುಂದೆ ಎರಡು ದಶಕಗಳಿಗೂ ಹೆಚ್ಚು ಕಾಲ ಟೈಫಾಯಿಡ್ ಎಂದರೆ ಕ್ಲೋರಾಂಫೆನಿಕಾಲ್ ಎಂಬಂತಾಯಿತು.

1972ರಲ್ಲಿ ಈ ನೆಮ್ಮದಿ ಕದಡಿತು. ಮೆಕ್ಸಿಕೋದಲ್ಲಿ ಸಾವಿರಾರು ಮಂದಿಗೆ ಹರಡಿದ ಟೈಫಾಯಿಡ್ ಈ ಔಷಧಕ್ಕೆ ಜಗ್ಗಲಿಲ್ಲ. ಅದೇ ವರ್ಷ ಕೇರಳದ ಕಲ್ಲಿಕೋಟೆಯಲ್ಲೂ ಔಷಧಕ್ಕೆ ಮಣಿಯದ ಟೈಫಾಯಿಡ್ ರೋಗಾಣು ಕಾಣಿಸಿಕೊಂಡಿತು. ಕಾಯಿಲೆ ಅದೇ, ಔಷಧವೂ ಅದೇ, ಬದಲಾದದ್ದು ರೋಗಾಣು ಮಾತ್ರ. ಅಂದಮೇಲೆ ರೋಗದ ಹೆಸರು ತಿಳಿದರೆ ಸಾಲದು. ಈ ರೋಗಿಯ ಮೈಯಲ್ಲಿರುವ ಈ ರೋಗಾಣು ಯಾವ ಔಷಧಕ್ಕೆ ಮಣಿಯುತ್ತದೆ ಎಂಬುದೂ ತಿಳಿಯಬೇಕು. ಪ್ರಯೋಗಾಲಯಗಳು ಈ ಪ್ರಶ್ನೆಯನ್ನು ರೋಗಾಣುವಿಗೇ ನೇರವಾಗಿ ಕೇಳುವ ವಿಧಾನವೊಂದನ್ನು ಕಂಡುಕೊಂಡಿವೆ.

ವಿಧಾನ ನೋಡಲು ಸರಳ. ರೋಗಿಯ ರಕ್ತದಿಂದಲೋ ಮೂತ್ರದಿಂದಲೋ ಬೆಳೆಸಿ ಬೇರ್ಪಡಿಸಿದ ರೋಗಾಣುವನ್ನು ಲವಣದ ನೀರಿನಲ್ಲಿ ಕದಡುತ್ತಾರೆ. ಆ ನೀರಿನಲ್ಲಿ ಹತ್ತಿ ಸುತ್ತಿದ ಕಡ್ಡಿಯನ್ನು ಅದ್ದಿ, ಪಾರದರ್ಶಕ ತಟ್ಟೆಯಲ್ಲಿ ಹೆಪ್ಪುಗಟ್ಟಿರುವ ಪೋಷಕ ಅಂಟಿನ ಮೇಲೆ ಎಲ್ಲ ಕಡೆಗೂ ಸವರುತ್ತಾರೆ. ಅದರ ಮೇಲೆ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಒಂದೊಂದು ಬಿಲ್ಲೆಯಲ್ಲೂ ಒಂದೊಂದು ಆಂಟಿಬಯೋಟಿಕ್ ಔಷಧ ಗೊತ್ತಾದ ಪ್ರಮಾಣದಲ್ಲಿ ಇರುತ್ತದೆ. ತಟ್ಟೆಯನ್ನು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಗಾಗುವ ಹೊತ್ತಿಗೆ ರೋಗಾಣುಗಳು ತೆಳುವಾದ ಕೆನೆಯಂತೆ ಬೆಳೆದಿರುತ್ತವೆ. ಕೆಲವು ಬಿಲ್ಲೆಗಳ ಸುತ್ತ ಮಾತ್ರ ಏನೂ ಬೆಳೆಯದ ತಿಳಿಯಾದ ವರ್ತುಲ ಮೂಡಿರುತ್ತದೆ. ಅದರ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ.

ಈ ತಟ್ಟೆಯ ಒಂದೊಂದು ಭಾಗಕ್ಕೂ ಒಂದು ಚರಿತ್ರೆಯಿದೆ. ಪೋಷಕ ಅಂಟು ಬಂದದ್ದು ಅಡುಗೆಮನೆಯಿಂದ. ಜರ್ಮನಿಯಲ್ಲಿ ರಾಬರ್ಟ್ ಕಾಖ್ ಅವರ ಬಳಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರಿಗೆ ಬೇಸಗೆಯಲ್ಲಿ ಜೆಲಟಿನ್ ಕರಗಿ ಪ್ರಯೋಗಗಳೆಲ್ಲ ಕೆಡುತ್ತಿದ್ದವು. 1881ರಲ್ಲಿ ಅವರ ಪತ್ನಿ ಫ್ಯಾನಿ ಹೆಸ್ಸೆ, ತಾವು ಸಿಹಿತಿನಿಸುಗಳಿಗೆ ಬಳಸುತ್ತಿದ್ದ ಅಗರ್ ಹಾಕಿ ನೋಡುವಂತೆ ಸೂಚಿಸಿದರು. ಸಮುದ್ರದ ಪಾಚಿಯಿಂದ ತೆಗೆಯುವ ಈ ಪದಾರ್ಥವನ್ನೇ ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಮಾರುತ್ತಾರೆ. ಮೈಶಾಖದಲ್ಲೂ ಅದು ಕರಗುವುದಿಲ್ಲ, ಹೆಚ್ಚಿನ ರೋಗಾಣುಗಳಿಗೆ ಅದನ್ನು ಜೀರ್ಣಿಸಿಕೊಳ್ಳಲೂ ಬರುವುದಿಲ್ಲ. ಮುಚ್ಚಳವಿರುವ ತಟ್ಟೆಯನ್ನು ಕಾಖ್ ಅವರ ಮತ್ತೊಬ್ಬ ಸಹಾಯಕ ಪೆಟ್ರಿ 1887ರಲ್ಲಿ ವಿವರಿಸಿದರು.

ವರ್ತುಲದ ಕಲ್ಪನೆ ಪೆನಿಸಿಲಿನ್ ಜೊತೆಯಲ್ಲೇ ಬೆಳೆಯಿತು. ಅಲೆಕ್ಸಾಂಡರ್ ಫ್ಲೆಮಿಂಗ್ 1929ರ ತಮ್ಮ ಲೇಖನದಲ್ಲಿ ಅಗರಿನಲ್ಲಿ ಸಣ್ಣ ಕಾಲುವೆ ತೋಡಿ, ಅದಕ್ಕೆ ಬೂಷ್ಟಿನ ರಸ ತುಂಬಿ, ಅಡ್ಡಲಾಗಿ ಬೇರೆ ಬೇರೆ ರೋಗಾಣುಗಳನ್ನು ಗೀಟೆಳೆದ ಪ್ರಯೋಗವನ್ನು ವರ್ಣಿಸಿದ್ದಾರೆ. ಕೆಲವು ಗೀಟುಗಳು ಕಾಲುವೆಯವರೆಗೂ ಬೆಳೆದವು, ಕೆಲವು ದೂರದಲ್ಲೇ ನಿಂತವು. 1940ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ನಾರ್ಮನ್ ಹೀಟ್ಲಿ ಅಗರಿನ ಮೇಲೆ ಪುಟ್ಟ ಕೊಳವೆಗಳನ್ನು ನಿಲ್ಲಿಸಿ, ಅವುಗಳಲ್ಲಿ ಪೆನಿಸಿಲಿನ್ ತುಂಬಿ ವರ್ತುಲಗಳನ್ನು ಅಳೆದರು. ಅಲ್ಲಿ ರೋಗಾಣು ಗೊತ್ತಿತ್ತು, ಅಳೆಯಬೇಕಾಗಿದ್ದುದು ಔಷಧದ ಬಲ. ಆ ದಶಕದಲ್ಲೇ ಕೊಳವೆಯ ಜಾಗಕ್ಕೆ ಕಾಗದದ ಬಿಲ್ಲೆ ಬಂತು, ಪ್ರಶ್ನೆಯೂ ತಿರುವುಮುರುವಾಯಿತು. ಔಷಧದ ಬಲ ಗೊತ್ತಿದೆ, ರೋಗಾಣು ಅದಕ್ಕೆ ಮಣಿಯುತ್ತದೆಯೇ?

ಇಲ್ಲೊಂದು ತೊಡಕು ಎದುರಾಯಿತು. ವರ್ತುಲ ಹುಟ್ಟುವುದು ಒಂದು ಓಟದ ಪಂದ್ಯದಿಂದ. ಬಿಲ್ಲೆಯಿಂದ ಔಷಧ ಒದ್ದೆ ಬಟ್ಟೆಯ ಮೇಲಿನ ಶಾಯಿಯಂತೆ ಹರಡುತ್ತಾ ಹೋಗುತ್ತದೆ. ಅತ್ತ ರೋಗಾಣುಗಳು ಬೆಳೆಯುತ್ತಾ ಬರುತ್ತವೆ. ಅಗರಿನ ಪದರ ದಪ್ಪವಾಗಿದ್ದರೆ ಔಷಧ ಕೆಳಕ್ಕೂ ಇಳಿದು ವರ್ತುಲ ಕಿರಿದಾಗುತ್ತದೆ. ರೋಗಾಣುಗಳನ್ನು ಹೆಚ್ಚು ಬಿತ್ತಿದರೂ ಹಾಗೆಯೇ. ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಹೊಂದುತ್ತಿರಲಿಲ್ಲ. ಹಾಗೆಯೇ ಒಂದು ಪ್ರಯೋಗಾಲಯದ ಮಿಲಿಮೀಟರು ಇನ್ನೊಂದರ ಮಿಲಿಮೀಟರಿಗೆ ಹೊಂದುತ್ತಿರಲಿಲ್ಲ.

ಅಮೆರಿಕದ ಸಿಯಾಟಲಿನಲ್ಲಿ ಬಾವರ್, ಕರ್ಬಿ, ಷೆರಿಸ್ ಮತ್ತು ಟರ್ಕ್ ಎಂಬ ನಾಲ್ವರು 1966ರಲ್ಲಿ ಪ್ರಕಟಿಸಿದ ಲೇಖನದ ಮಹತ್ವ ಇರುವುದು ಇಲ್ಲಿ. ಅವರು ಹೊಸ ಉಪಕರಣವನ್ನೇನೂ ಕಂಡುಹಿಡಿಯಲಿಲ್ಲ. ಪ್ರತಿಯೊಂದನ್ನೂ ಒಂದೇ ಕ್ರಮದಲ್ಲಿ ಮಾಡಬೇಕೆಂದು ಕಟ್ಟಳೆ ಹಾಕಿದರು. 1971ರಲ್ಲಿ ಸ್ವೀಡನ್ನಿನ ಎರಿಕ್ಸನ್ ಮತ್ತು ಇದೇ ಷೆರಿಸ್ ಹಲವು ದೇಶಗಳ ಪ್ರಯೋಗಾಲಯಗಳ ಅನುಭವವನ್ನು ಒಟ್ಟುಗೂಡಿಸಿ ವರದಿ ನೀಡಿದರು. ಇಂದು ಪಾಲಿಸುವ ಕಟ್ಟಳೆಯಲ್ಲಿ ಅಗರಿನ ದಪ್ಪ ಸುಮಾರು 4 ಮಿಲಿಮೀಟರ್. ರೋಗಾಣು ಕದಡಿದ ನೀರಿನ ಮಬ್ಬನ್ನು ಮ್ಯಾಕ್‌ಫರ್ಲೆಂಡ್ ಎಂಬ ಮಾದರಿ ಕೊಳವೆಯ ಮಬ್ಬಿಗೆ ಹೋಲಿಸಿ ಸರಿಪಡಿಸಬೇಕು. ಅದನ್ನು 15 ನಿಮಿಷಗಳೊಳಗೆ ಬಿತ್ತಬೇಕು.

ಅಳತೆ ಒಂದಾದರೂ ಅದರ ಅರ್ಥವನ್ನು ಗೊತ್ತುಮಾಡಬೇಕಲ್ಲ? ಅದಕ್ಕೆ ಇನ್ನೊಂದು ಪರೀಕ್ಷೆ ನೆರವಾಗುತ್ತದೆ. ಸಾಲು ಕೊಳವೆಗಳಲ್ಲಿ ಔಷಧವನ್ನು 1, 2, 4, 8 ಎಂದು ದ್ವಿಗುಣಗೊಳಿಸುತ್ತಾ ಹೋಗಿ, ರೋಗಾಣು ಬೆಳೆಯದೆ ನೀರು ತಿಳಿಯಾಗಿ ಉಳಿದ ಮೊದಲ ಕೊಳವೆಯನ್ನು ಗುರುತಿಸುತ್ತಾರೆ. ರೋಗಾಣುವನ್ನು ತಡೆಯಲು ಬೇಕಾದ ಕನಿಷ್ಠ ಪ್ರಮಾಣ ಅದು. ನೂರಾರು ರೋಗಾಣುಗಳಲ್ಲಿ ಈ ಪ್ರಮಾಣವನ್ನೂ ವರ್ತುಲದ ವ್ಯಾಸವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎರಡರ ಸಂಬಂಧ ತಿಳಿಯುತ್ತದೆ. ಔಷಧ ರಕ್ತದಲ್ಲಿ ಎಷ್ಟು ಮಟ್ಟಕ್ಕೆ ಏರುತ್ತದೆ, ರೋಗಿಗಳು ಗುಣವಾದರೇ ಎಂಬುದನ್ನೂ ಕೂಡಿಸಿ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಮೇಲಿದ್ದರೆ ಮಣಿಯುವ ರೋಗಾಣು, ಕೆಳಗಿದ್ದರೆ ಮಣಿಯದ ರೋಗಾಣು, ನಡುವೆ ಒಂದು ಸಂದಿಗ್ಧದ ಪಟ್ಟಿ.

ಗೆರೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಟೈಫಾಯಿಡೇ ನಿದರ್ಶನ. 1990ರ ಹೊತ್ತಿಗೆ ಭಾರತದಲ್ಲಿ ಹಲವು ಹಳೆಯ ಔಷಧಗಳಿಗೆ ಒಟ್ಟಿಗೇ ಜಗ್ಗದ ಟೈಫಾಯಿಡ್ ಹಬ್ಬಿದಾಗ ವೈದ್ಯರು ಸಿಪ್ರೊಫ್ಲಾಕ್ಸಸಿನ್ ಮಾತ್ರೆಯತ್ತ ತಿರುಗಿದರು. ಕೆಲವೇ ವರ್ಷಗಳಲ್ಲಿ ವಿಚಿತ್ರವೊಂದು ಕಂಡಿತು. ಪ್ರಯೋಗಾಲಯದ ಚೀಟಿ ರೋಗಾಣು ಮಣಿಯುತ್ತದೆ ಎನ್ನುತ್ತಿತ್ತು, ರೋಗಿಯ ಜ್ವರ ಮಾತ್ರ ಬೇಗ ಇಳಿಯುತ್ತಿರಲಿಲ್ಲ. ಆಗಿನ ಗೆರೆ ಇದ್ದದ್ದು 21 ಮಿಲಿಮೀಟರಿನಲ್ಲಿ. ರೋಗಾಣುವಿನ ಒಂದು ಜೀನ್ ಮಾರ್ಪಟ್ಟು ವರ್ತುಲ ಕುಗ್ಗಿತ್ತು, ಆದರೆ ಗೆರೆಯಿಂದ ಕೆಳಗಿಳಿಯುವಷ್ಟು ಕುಗ್ಗಿರಲಿಲ್ಲ. ಈ ಗುಟ್ಟನ್ನು ಬಯಲು ಮಾಡಿದ್ದು ಅದೇ ಕುಟುಂಬದ ಹಳೆಯ ಔಷಧವಾದ ನಾಲಿಡಿಕ್ಸಿಕ್ ಆಮ್ಲದ ಬಿಲ್ಲೆ. ಅದರ ಸುತ್ತ ವರ್ತುಲ ಮೂಡದಿದ್ದರೆ ಸಿಪ್ರೊಫ್ಲಾಕ್ಸಸಿನ್ನನ್ನೂ ನಂಬುವಂತಿರಲಿಲ್ಲ. 2012ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ಟೈಫಾಯಿಡ್ ರೋಗಾಣುವಿಗೆ ಈ ಗೆರೆಯನ್ನು 31 ಮಿಲಿಮೀಟರಿಗೆ ಏರಿಸಿತು. 24 ಮಿಲಿಮೀಟರಿನ ವರ್ತುಲ ಹಿಂದೆ ಭರವಸೆಯಾಗಿತ್ತು, ಈಗ ಅದು ಎಚ್ಚರಿಕೆ.

ಪರೀಕ್ಷೆಗೆ ಬೇರೆ ಮಿತಿಗಳೂ ಇವೆ. ಜೆಂಟಾಮೈಸಿನ್ ಬಿಲ್ಲೆಯ ಸುತ್ತ ಟೈಫಾಯಿಡ್ ರೋಗಾಣು ಒಳ್ಳೆಯ ವರ್ತುಲವನ್ನೇ ತೋರಿಸಬಹುದು, ಆದರೆ ಔಷಧ ರೋಗಿಗೆ ನಾಟುವುದಿಲ್ಲ. ರೋಗಾಣು ಅಡಗಿರುವುದು ನಮ್ಮ ಜೀವಕೋಶಗಳ ಒಳಗೆ. ಈ ಔಷಧಕ್ಕೆ ಅಲ್ಲಿ ಸಾಕಷ್ಟು ಪ್ರವೇಶವಿಲ್ಲ. ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಔಷಧದ ಅಣು ಬಲು ದೊಡ್ಡದಾದ್ದರಿಂದ ಅಗರಿನಲ್ಲಿ ಸರಿಯಾಗಿ ಹರಡುವುದೇ ಇಲ್ಲ. ಅದಕ್ಕೆ ದ್ರವದಲ್ಲಿ ಮಾಡುವ ಪರೀಕ್ಷೆಯೇ ಗತಿ.

ಎಲ್ಲಕ್ಕಿಂತ ದೊಡ್ಡ ಮಿತಿ ಕಾಲದ್ದು. ರಕ್ತದಲ್ಲಿನ ರೋಗಾಣು ಬೆಳೆಯಲು ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಬಿಲ್ಲೆಯ ಪರೀಕ್ಷೆಗೆ ಮತ್ತೊಂದು ರಾತ್ರಿ. ಅಲ್ಲಿಯವರೆಗೆ ವೈದ್ಯರು ಅಂದಾಜಿನ ಮೇಲೆ ಔಷಧ ಆರಂಭಿಸಬೇಕಾಗಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ರಕ್ತ ತೆಗೆಯುವ ಮೊದಲೇ ಮಾತ್ರೆ ನುಂಗಿದ್ದರೆ ರೋಗಾಣು ಬಾಟಲಿಯಲ್ಲಿ ಬೆಳೆಯದೆ ಹೋಗಬಹುದು. ನಮ್ಮಲ್ಲಿ ಎಲ್ಲರಿಗೂ ಪರಿಚಿತವಾದ ವಿಡಾಲ್ ಪರೀಕ್ಷೆ ಈ ಕೊರತೆಯನ್ನು ತುಂಬಲಾರದು. 1896ರಷ್ಟು ಹಳೆಯದಾದ ಅದು ನೋಡುವುದು ರಕ್ತದಲ್ಲಿನ ಪ್ರತಿಕಾಯಗಳನ್ನು. ಅಲ್ಲಿ ರೋಗಾಣುವೇ ಇಲ್ಲದ ಮೇಲೆ ಯಾವ ಔಷಧ ನಾಟೀತು ಎಂದು ಕೇಳುವುದು ಯಾರನ್ನು?

2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದಿಗೂ ಜಗ್ಗದ ಟೈಫಾಯಿಡ್ ಹರಡತೊಡಗಿತು. ಉಳಿದಿರುವ ಔಷಧಗಳು ಕೆಲವೇ. ಇತ್ತ ಭಾರತದಲ್ಲಿ, ಬಳಕೆ ತಗ್ಗಿದ ಕ್ಲೋರಾಂಫೆನಿಕಾಲಿಗೆ ಟೈಫಾಯಿಡ್ ರೋಗಾಣು ಹಲವೆಡೆ ಮತ್ತೆ ಮಣಿಯುತ್ತಿದೆ. ಈ ಎರಡು ಸಂಗತಿಗಳೂ ತಿಳಿದುಬಂದದ್ದು ಯಾರದೋ ರಕ್ತದಿಂದ ರೋಗಾಣುವನ್ನು ಬೆಳೆಸಿ ಔಷಧಗಳೆದುರು ಪರೀಕ್ಷಿಸಿದ್ದರಿಂದ. ಜ್ವರ ಬಿಡದೆ ನಾಲ್ಕಾರು ದಿನ ಕಾಡಿದಾಗ, ಮೊದಲ ಮಾತ್ರೆಗೆ ಮುನ್ನ ರಕ್ತವನ್ನು ಕಲ್ಚರಿಗೆ ಕಳಿಸಬೇಕೇ ಎಂದು ವೈದ್ಯರನ್ನು ಕೇಳುವುದು ರೋಗಿಯ ಕಡೆಯವರು ಮಾಡಬಹುದಾದ ಸಣ್ಣ ಕೆಲಸ. ಮೂರನೆಯ ದಿನ ಬರುವ ಚೀಟಿಯಲ್ಲಿ ಹೇಳಲು ಏನಾದರೂ ಇರುತ್ತದೆಯೇ ಎಂಬುದು ಎಷ್ಟೋ ಸಲ ಅದರ ಮೇಲೆ ನಿಂತಿರುತ್ತದೆ.