ಬಿಂದು ಹೊರಗ ಹೋತು!

ಗದಗಿನಲ್ಲಿ ಒಂಬತ್ತನೇ ತರಗತಿ ಓದುವ ಅಕ್ಕನ ಮಗಳು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ನಪಾಸಾಗಿದ್ದಳು. ‘ಹತ್ತನೇ ಮುಗಿಸಿದ್ರ ಸಾಕು’ ಎಂದು ಭಾವ ಆಗಲೇ ಮಾತು ತೆಗೆದಿದ್ದರು. ಪುಣೆಯಲ್ಲಿ ಕುಳಿತು ನಾನು ಮಾಡಿದ್ದು ಇಷ್ಟೇ, ವಾಟ್ಸ್ಆ್ಯಪ್‌ನಲ್ಲಿ ಪಾಠದ ವಿಡಿಯೊಗಳ ಲಿಂಕು ಕಳಿಸಿದ್ದು. ಎಲ್ಲವನ್ನೂ ನೋಡಿ ‘ತಿಳೀತು ಮಾಮಾ’ ಎನ್ನುತ್ತಿದ್ದಳು. ತಿಳಿದಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಫೋನಿಗೆ ಜಿಯೋಜೀಬ್ರಾ ಹಾಕಿಕೊಟ್ಟೆ. 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೊಹೆನ್‌ವಾರ್ಟರ್ ಶುರು ಮಾಡಿದ ತಂತ್ರಾಂಶ ಅದು. ‘ತ್ರಿಭುಜದ ಮೂರೂ ಮೂಲಿ ಮುಟ್ಟೋ ವೃತ್ತದ ಮ್ಯಾಲೆ ತಮ್ಮಗ ತಿಳಿಯೋ ಹಂಗ ನೀನ ಒಂದು ವಿಡಿಯೊ ಮಾಡು’ ಎಂದೆ.

ಕಣ್ಣಂದಾಜಿನಲ್ಲಿ ನಡುವೆ ಬಿಂದು ಇಟ್ಟು ವೃತ್ತ ಎಳೆದಳು. ಚಿತ್ರ ಸರಿಯಾಗಿಯೇ ಕಂಡಿತು. ಒಂದು ಮೂಲೆಯನ್ನು ಬೆರಳಿನಿಂದ ಎಳೆದದ್ದೇ ತಡ, ತ್ರಿಭುಜ ಒಂದು ಕಡೆ, ವೃತ್ತ ಇನ್ನೊಂದು ಕಡೆ. ಕಾಗದದ ಮೇಲಾಗಿದ್ದರೆ ಈ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪುಸ್ತಕ ತೆರೆದು ಲಂಬಾರ್ಧಕ ಹುಡುಕಿದಳು. ಇಂಗ್ಲಿಷಿನಲ್ಲಿ ಓದಿದ ನನಗೆ ಆ ಪದವೇ ಗೊತ್ತಿರಲಿಲ್ಲ, ನಕ್ಕಳು. ಎರಡು ಬಾಹುಗಳ ಲಂಬಾರ್ಧಕ ಕೂಡಿದಲ್ಲಿ ಕೇಂದ್ರ ಇಟ್ಟ ಮೇಲೆ ಎಷ್ಟು ಎಳೆದರೂ ವೃತ್ತ ಮೂಲೆ ಬಿಡಲಿಲ್ಲ.

‘ಮಾಮಾ, ಬಿಂದು ಹೊರಗ ಹೋತು!’

ವಿಶಾಲಕೋನ ತ್ರಿಭುಜ ಮಾಡಿದ್ದಳು. ಎಂಟೆಕ್ ಮಾಡಿದ ನಾನೂ ಒಂದು ಕ್ಷಣ ಎಲ್ಲೋ ತಪ್ಪಿದೆ ಅಂದುಕೊಂಡೆ. ಅವಳು ನಿಧಾನ ಹಿಂದಕ್ಕೆ ಎಳೆದಳು. ಕೋನ ಸರಿಯಾಗಿ 90 ಡಿಗ್ರಿ ಆದಾಗ ಬಿಂದು ವಿಕರ್ಣದ ನಟ್ಟನಡುವೆ ಬಂದು ಕೂತಿತು.

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗಳ ಸ್ಕ್ರಿಪ್ಟಿನಲ್ಲಿ ಎರಡು ಕಾಲಮ್ ಇರುತ್ತವೆ: ಪರದೆಯ ಮೇಲೆ ಏನು, ಬಾಯಲ್ಲಿ ಏನು. ವಿಷಯ ಗೊತ್ತಿಲ್ಲದವರ ಮೇಲೆ ಮೊದಲು ಪರೀಕ್ಷೆ ಮಾಡುವ ಪದ್ಧತಿಯೂ ಅಲ್ಲಿದೆ. ಅದನ್ನೇ ಹೇಳಿಕೊಟ್ಟು ಪುಣೆಗೆ ಮರಳಿದೆ. ಏಳನೇ ತರಗತಿಯ ತಮ್ಮ ಕೇಳಿದನಂತೆ: ‘ಅಲ್ಲೇ ಯಾಕ ಕೇಂದ್ರ?’ ಅವಳಲ್ಲಿ ಉತ್ತರ ಇರಲಿಲ್ಲ. ಎರಡು ದಿನ ಫೋನು ಬರಲಿಲ್ಲ, ನಾನೂ ಬಾಯಿ ಬಿಡಲಿಲ್ಲ (ಕಷ್ಟವಾಯಿತು). ಮೂರನೇ ದಿನ ಅವಳೇ ಹೇಳಿದಳು: ಒಂದು ಲಂಬಾರ್ಧಕದ ಮೇಲಿನ ಬಿಂದು ಎ, ಬಿಗಳಿಂದ ಒಂದೇ ದೂರ, ಇನ್ನೊಂದರದ್ದು ಬಿ, ಸಿಗಳಿಂದ, ಎರಡೂ ಕೂಡಿದಲ್ಲಿ ಮೂರರಿಂದಲೂ ಒಂದೇ ದೂರ.

ವಿಡಿಯೊದ ನಡುವೆ ಕುಕ್ಕರ್ ಸೀಟಿ ಹೊಡೆಯುತ್ತದೆ. ಭಾವ ಎರಡು ಸಲ ನೋಡಿದರಂತೆ, ಏನೂ ಅನ್ನಲಿಲ್ಲವಂತೆ. ಮೊನ್ನೆ ಫೋನಿನಲ್ಲಿ ಸೈನ್ಸ್ ಕಾಲೇಜಿನ ಫೀ ವಿಚಾರಿಸಿದರು. ಬೀಜಗಣಿತ ಅವಳನ್ನು ಇನ್ನೂ ಕಾಡುತ್ತಿದೆ. ಈಗ ರೇಖಾತ್ಮಕ ಸಮೀಕರಣಕ್ಕೆ ಸ್ಕ್ರಿಪ್ಟು ಬರೆಯುತ್ತಿದ್ದಾಳೆ.