ತಾರಸಿಯ ಮೇಲಿನ ಹಂಡೆ

ದೊಡ್ಡಬಳ್ಳಾಪುರದ ಆ ಮನೆ ತಲುಪಿದಾಗ ಬೆಳಗಿನ ಆರೂವರೆ. ಕೆಳಗೆ ಮಗ್ಗಗಳು ಆಗಲೇ ಶುರುವಾಗಿದ್ದವು. ಮೆಟ್ಟಿಲು ಹತ್ತುವಾಗ ಅವುಗಳ ನಡುಕ ಅಂಗಾಲಿಗೆ ತಾಗುತ್ತಿತ್ತು. ಸೋಲಾರ್ ವಾಟರ್ ಹೀಟರ್ ತೊಳೆಯುವುದನ್ನು ಕಣ್ಣಾರೆ ನೋಡಬೇಕೆಂದು ಕೇಳಿಕೊಂಡು ಬಂದಿದ್ದೆ. ಇಷ್ಟು ಬೇಗ ಯಾಕೆ ಬರಹೇಳಿದರು ಎನ್ನುವುದು ತಾರಸಿಗೆ ಬಂದ ಮೇಲೆ ತಿಳಿಯಿತು. ಖಾಲಿ ಟ್ಯೂಬು ಬಿಸಿಲಿಗೆ ಕಾದಿರುವಾಗ ತಣ್ಣೀರು ಬಿಟ್ಟರೆ ಗಾಜು ಸೀಳುತ್ತದೆ. ಬಿಸಿಲೇರುವ ಮೊದಲೇ ತೊಳೆದು ತುಂಬಿಸಬೇಕು. ತಡವಾದರೆ ಹೊದಿಸಲೆಂದು ಗೋಣಿಚೀಲಗಳೂ ಸಿದ್ಧವಿದ್ದವು.

ಹದಿನೈದು ಟ್ಯೂಬುಗಳ ಓರೆ ಸಾಲು, ಅದರ ನೆತ್ತಿಗೆ ಅಡ್ಡಲಾಗಿ ಮಲಗಿದ 150 ಲೀಟರಿನ ಟ್ಯಾಂಕು. ಧೂಳು ಬಿಟ್ಟರೆ ನನ್ನ ಕಣ್ಣಿಗೆ ತಪ್ಪೇನೂ ಕಾಣಲಿಲ್ಲ. ಮಿಸ್ತ್ರಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಟ್ಯೂಬಿನ ಬುಡ ನೋಡುತ್ತ ಹೋದರು. "ಬೆಳ್ಳಿ ಥರ ಹೊಳೀತಿದ್ರೆ ಚೆನ್ನಾಗಿದೆ ಸಾರ್. ಸುಣ್ಣದಂಗೆ ಬೆಳ್ಳಗಾದ್ರೆ ಒಳಗೆ ಗಾಳಿ ಹೋಗಿದೆ ಅಂತ." ಎರಡು ಪದರ ಗಾಜಿನ ನಡುವಿನ ನಿರ್ವಾತವೇ ಬಿಸಿಯನ್ನು ಹಿಡಿದಿಡುವುದು. ಬುಡದ ಹೊಳಪು ಬೇರಿಯಂ ಲೇಪದ್ದು. ಗಾಳಿ ತಾಗಿದರೆ ಬಿಳಿಚಿಕೊಳ್ಳುತ್ತದೆ. ನಾಲ್ಕನೆಯದು ಬಿಳಿಚಿಕೊಂಡಿತ್ತು. ಅದನ್ನು ಬದಲಿಸಲೇಬೇಕು.

ಮೊದಲು ಕರೆಂಟ್ ಕಾಯಿಲಿನ ಸ್ವಿಚ್ ಆರಿಸಿದರು. ನೀರಿಲ್ಲದೆ ಕಾದರೆ ಕಾಯಿಲ್ ಸುಟ್ಟುಹೋಗುತ್ತದೆ. ಆಮೇಲೆ ತಣ್ಣೀರಿನ ವಾಲ್ ಮುಚ್ಚಿ, ಡ್ರೈನ್ ತಿರುಗಿಸಿದರು. ಮೊದಲು ಬಂದ ನೀರು ಕೆಂಪಗಿತ್ತು. ಮಣ್ಣೋ ತುಕ್ಕೋ, ನೋಡಿ ಹೇಳಲು ನನ್ನಿಂದಾಗಲಿಲ್ಲ. ನೀರು ನಿಂತಾಗ ಕೆಲಸ ಮುಗಿಯಿತೆಂದೇ ಅಂದುಕೊಂಡೆ. ಆದರೆ ಖಾಲಿಯಾದದ್ದು ಟ್ಯಾಂಕು ಮಾತ್ರ. ಟ್ಯೂಬುಗಳು ಟ್ಯಾಂಕಿಗಿಂತ ಕೆಳಗಿವೆ, ಅವುಗಳ ಬುಡ ಮುಚ್ಚಿದೆ. ಅಲ್ಲಿಯ ನೀರು ಹೋಗುವುದಾದರೂ ಎಲ್ಲಿಗೆ?

ರಬ್ಬರ್ ರಿಂಗಿಗೆ ಸೋಪಿನ ನೀರು ಸವರಿ, ಮೆಲ್ಲಗೆ ತಿರುಗಿಸುತ್ತ ಒಂದು ಟ್ಯೂಬನ್ನು ಎಳೆದರು. ಆಳುದ್ದದ ಗಾಜು. ಬಕೆಟಿಗೆ ಬಗ್ಗಿಸಿದಾಗ ಮೊದಲು ತಿಳಿನೀರು, ಆಮೇಲೆ ಮಜ್ಜಿಗೆಯಂಥ ನೀರು, ಕೊನೆಗೆ ದಪ್ಪನೆಯ ಬಿಳಿ ಗಸಿ. ಒಂದು ಹಿಡಿ ಎತ್ತಿಕೊಂಡು ಹಿಸುಕಿದೆ. ನುಣ್ಣಗಿರುತ್ತದೆ ಅಂದುಕೊಂಡಿದ್ದು ರವೆಯಂತೆ ತರಿತರಿಯಾಗಿತ್ತು. ನಡುನಡುವೆ ಮೊಟ್ಟೆಯ ಚಿಪ್ಪಿನಂಥ ಚಕ್ಕೆಗಳು.

ಇದು ಬೋರ್‌ವೆಲ್ ನೀರಿನ ಫಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಈ ತಾಲ್ಲೂಕಿನಲ್ಲೇ ಹರಿಯಬೇಕಾದ ನದಿ. ಅದು ಬತ್ತಿದ ಮೇಲೆ ಜನ ನೆಲ ಕೊರೆಯುತ್ತ ಆಳಕ್ಕೆ ಇಳಿದರು. ಬಂಡೆಯ ಸಂದಿನ ನೀರಿನಲ್ಲಿ ಕರಗಿರುವ ಸುಣ್ಣದಂಶ, ನೀರು ಕಾದಾಗ ಬೇರ್ಪಟ್ಟು ಗಟ್ಟಿಯಾಗುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 600ರವರೆಗೆ ನಡೆಯುತ್ತದೆ ಎಂಬುದು ಭಾರತೀಯ ಮಾನಕ. ಕುಡಿಯಲು ನಡೆಯುವ ನೀರೂ ಹೀಟರಿನೊಳಗೆ ಸುಣ್ಣ ಕಟ್ಟುತ್ತದೆ.

"ಬಾತ್‌ರೂಮ್ ಆಸಿಡ್ ಹಾಕಿದರೆ ಬೇಗ ಹೋಗುತ್ತಲ್ಲ?" ಎಂದೆ. ಮಿಸ್ತ್ರಿ ಜೋರಾಗಿ ತಲೆಯಾಡಿಸಿದರು. ಸುಣ್ಣವೇನೋ ಹೋಗುತ್ತದೆ, ಜೊತೆಗೆ ಸ್ಟೀಲ್ ಟ್ಯಾಂಕಿನ ಬೆಸುಗೆಯಲ್ಲಿ ತೂತೂ ಬೀಳುತ್ತದೆ. ಅವರು ನಿಂಬೆ ಉಪ್ಪನ್ನು ಬೆಚ್ಚನೆಯ ನೀರಿನಲ್ಲಿ ಕದಡಿ ಬಳಸಿದರು. ಟ್ಯೂಬಿಗೆ ಸುರಿದದ್ದೇ ಸಣ್ಣಗೆ ನೊರೆಯೆದ್ದು ಸುಣ್ಣ ಬಿಟ್ಟುಕೊಂಡಿತು. ಉದ್ದನೆಯ ಬ್ರಷ್ ಆಡಿಸಿ ತೊಳೆದರು. ಎನಾಮಲ್ ಲೇಪದ ಟ್ಯಾಂಕಾದರೆ ಒಳಗೊಂದು ಮೆಗ್ನೀಸಿಯಂ ಕಡ್ಡಿ ಇರುತ್ತದೆ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಕಡ್ಡಿ ಅದು. ಪೂರ್ತಿ ಸವೆಯುವ ಮೊದಲೇ ಬದಲಿಸಿದರೆ ಟ್ಯಾಂಕು ಉಳಿಯುತ್ತದೆ.

ಮನೆಯ ಅಮ್ಮ ಕಾಫಿ ತಂದವರು ಬಕೆಟ್ಟಿನೊಳಗೆ ಬಗ್ಗಿ ನೋಡಿ, "ಅಯ್ಯೋ, ಇದರಲ್ಲೇನಪ್ಪಾ ನಾವು ಸ್ನಾನ ಮಾಡ್ತಿದ್ದದ್ದು" ಎಂದರು. ಸೋಲಾರ್ ಹಾಕಿಸಿ ಆರು ವರ್ಷ, ಒಮ್ಮೆಯೂ ತೊಳೆಸಿರಲಿಲ್ಲವಂತೆ. ಅವರ ಅತ್ತೆಯ ಕಾಲದಲ್ಲಿ ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೊಸನೀರು ತುಂಬದೆ ಮುಂದಿನ ಕೆಲಸವಿಲ್ಲ. ಹುಣಸೆಹುಳಿ, ನಿಂಬೆಹುಳಿ ಎರಡೂ ಮಾಡುವ ಕೆಲಸ ಒಂದೇ ಎಂಬುದು ನನಗೆ ಆಗ ಹೊಳೆಯಿತು. ಹಂಡೆ ಬಚ್ಚಲಿನಿಂದ ತಾರಸಿಗೆ ಹೋದಾಗ ಹಬ್ಬ ಕೆಳಗೇ ಉಳಿದುಬಿಟ್ಟಿದೆ.

ಎಂಟೂವರೆಗೆ ಟ್ಯೂಬುಗಳೆಲ್ಲ ಸ್ವಸ್ಥಾನ ಸೇರಿ, ವಾಲ್ ತೆರೆದು, ಟ್ಯಾಂಕು ತುಂಬತೊಡಗಿತು. ಈ ಸಲ ನೀರು ತುಂಬುವ ಹಬ್ಬಕ್ಕೆ ಮುಂಚೆ ಒಂದು ಬೆಳಿಗ್ಗೆ, ಬಿಸಿಲು ಬೀಳುವ ಮೊದಲು, ನೀವೂ ಮಿಸ್ತ್ರಿಯನ್ನು ಕರೆದುಕೊಂಡು ನಿಮ್ಮ ತಾರಸಿ ಹತ್ತಿ.