ಪಾತ್ರದ ಲೆಕ್ಕಾಚಾರ, ಆಟದ ಸುಖ

ಆಟಗಾರರು ಯೋಧನ ಅಥವಾ ಮಾಂತ್ರಿಕಳ ಪಾತ್ರವನ್ನು ವಹಿಸಿಕೊಂಡು, ಆಡುತ್ತ ಆಡುತ್ತ ಅದರ ಬಲವನ್ನು ಬೆಳೆಸುವ ಆಟಗಳಿಗೆ ರೋಲ್ ಪ್ಲೇಯಿಂಗ್ ಗೇಮ್ ಎಂದು ಹೆಸರು. ಈ ಪ್ರಕಾರಕ್ಕೆ ಬುನಾದಿಯಾದದ್ದು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ, ಕಾಗದ ಮತ್ತು ದಾಳಗಳಿಂದ ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅದರಲ್ಲಿ ಶಕ್ತಿ, ಬುದ್ಧಿ ಮೊದಲಾದ ಆರು ಗುಣಗಳ ಪ್ರಮಾಣವನ್ನು ಮೂರು ದಾಳಗಳ ಮೊತ್ತವೇ ನಿರ್ಧರಿಸುತ್ತಿದ್ದುದರಿಂದ, ಬಂದ ಅಂಕಗಳಿಗೆ ಒಪ್ಪುವ ಪಾತ್ರವನ್ನು ಕಟ್ಟಿಕೊಳ್ಳಬೇಕಾಗುತ್ತಿತ್ತು. ಮುಂದೆ ಬಂದ ಅನೇಕ ವಿಡಿಯೊ ಗೇಮ್‌ಗಳು ದಾಳದ ಜಾಗದಲ್ಲಿ ಆಯ್ಕೆಯನ್ನು ತಂದವು: ಪಾತ್ರವು ಒಂದೊಂದು ಲೆವೆಲ್ ಮೇಲೇರಿದಾಗಲೂ ಕೆಲವು ಅಂಕಗಳು ಸಿಗುತ್ತವೆ, ಅವನ್ನು ಯಾವ ಗುಣಕ್ಕೆ ಹಾಕಬೇಕು, ಯಾವ ಕೌಶಲಕ್ಕೆ ಹಾಕಬೇಕು ಎಂಬುದನ್ನು ಆಟಗಾರರೇ ತೀರ್ಮಾನಿಸುತ್ತಾರೆ. ಹೀಗೆ ಹಂಚಿದ ಅಂಕಗಳೂ ಆಯ್ದುಕೊಂಡ ಆಯುಧ ಕವಚಗಳೂ ಸೇರಿ ಆಗುವ ಪಾತ್ರದ ಒಟ್ಟು ಸ್ವರೂಪವನ್ನು ಬಿಲ್ಡ್ ಎನ್ನುತ್ತಾರೆ. ಅದನ್ನು ಲೆಕ್ಕ ಹಾಕಿ, ಅತಿ ಹೆಚ್ಚು ಫಲ ಕೊಡುವಂತೆ ತಿದ್ದುತ್ತ ಹೋದರೆ ಆಟದ ಸುಖ ಹೆಚ್ಚುತ್ತದೆಯೇ ಎಂಬುದು ಇಲ್ಲಿಯ ಪ್ರಶ್ನೆ.

ಲೆಕ್ಕಾಚಾರವು ಆಟದ ಹೊರಗಿನದು, ಶುಷ್ಕವಾದದ್ದು ಎಂಬ ಆಕ್ಷೇಪ ಸರಿಯಲ್ಲವೆಂಬುದಕ್ಕೆ ನ್ಯೂಜಿಲೆಂಡಿನ ಗ್ರೈಂಡಿಂಗ್ ಗಿಯರ್ ಗೇಮ್ಸ್ ಸಂಸ್ಥೆ 2013ರಲ್ಲಿ ಹೊರತಂದ 'ಪಾತ್ ಆಫ್ ಎಕ್ಸೈಲ್' ಒಳ್ಳೆಯ ನಿದರ್ಶನ. ಎಲ್ಲ ಬಗೆಯ ಪಾತ್ರಗಳಿಗೂ ಒಂದೇ ಆದ, ಸಾವಿರಕ್ಕೂ ಹೆಚ್ಚು ಗಂಟುಗಳಿರುವ ಕೌಶಲಜಾಲ ಅದರಲ್ಲಿದೆ. ಯಾವ ಪಾತ್ರ ಆ ಜಾಲದ ಯಾವ ಮೂಲೆಯಿಂದ ಹೊರಡುತ್ತದೆ ಎಂಬುದಷ್ಟೇ ವ್ಯತ್ಯಾಸ. ಹೊಡೆತದ ಬಲ ಅಲ್ಲಿ ಎರಡು ರೀತಿಯಲ್ಲಿ ಏರುತ್ತದೆ. ಮೊದಲನೆಯ ಬಗೆಯ ಏರಿಕೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಎರಡನೆಯ ಬಗೆಯವು ಒಂದನ್ನೊಂದು ಗುಣಿಸುತ್ತವೆ. ಮೂಲ ಬಲ 100 ಇದ್ದು, ಶೇಕಡಾ 50ರ ಮೂರು ಏರಿಕೆಗಳು ಕೂಡಿಕೊಂಡರೆ 250 ಆಗುತ್ತದೆ, ಗುಣಿಸಿಕೊಂಡರೆ 337.5 ಆಗುತ್ತದೆ. ಈ ಅಂತರವನ್ನು ತಾವೇ ಕಂಡುಕೊಂಡು, ಯಾರೂ ಲಕ್ಷಿಸದ ಒಂದು ಕೌಶಲವನ್ನು ಇನ್ನೊಂದರೊಡನೆ ಜೋಡಿಸಿ, ಮರುದಿನ ಆ ಜೋಡಣೆ ಕಾಳಗದಲ್ಲಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವವರಿಗೆ ದೊರೆಯುವುದು ಗಣಿತದ ಒಗಟು ಬಿಡಿಸಿದಾಗಿನ ಸಂತೋಷವೇ. ಅದು ಆಟದ ಸುಖದ ಒಂದು ಭಾಗವೆಂದು ನಿಸ್ಸಂಶಯವಾಗಿ ಹೇಳಬಹುದು.

ತೊಡಕು ಹುಟ್ಟುವುದು ಲೆಕ್ಕವನ್ನು ಒಬ್ಬರು ಮಾಡಿ, ಉತ್ತರವನ್ನು ಉಳಿದವರೆಲ್ಲ ನಕಲು ಮಾಡಿಕೊಂಡಾಗ. ಹಾಗೆ ನಕಲಿಸುವವರನ್ನು ಸೋಮಾರಿಗಳೆಂದು ದೂರುವುದು ಸುಲಭ, ಆದರೆ ಆಟದ ನಿಯಮಗಳೇ ಅವರನ್ನು ಅತ್ತ ದೂಡುವುದುಂಟು. 2000ದಲ್ಲಿ ಬಂದ 'ಡಯಾಬ್ಲೊ 2'ರಲ್ಲಿ ಪ್ರತಿ ಪಾತ್ರಕ್ಕೂ 30 ಕೌಶಲಗಳಿದ್ದು, ಲೆವೆಲ್ಲಿಗೆ ಒಂದು ಕೌಶಲಾಂಕ ಮಾತ್ರ ಸಿಗುತ್ತಿತ್ತು, ಒಮ್ಮೆ ಹಾಕಿದ ಅಂಕವನ್ನು ಹಿಂದಕ್ಕೆ ಪಡೆಯುವ ದಾರಿ 2010ರವರೆಗೂ ಇರಲಿಲ್ಲ. ಹತ್ತಾರು ಗಂಟೆ ಬೆಳೆಸಿದ ಪಾತ್ರವು ಮುಂದಿನ ಕಠಿಣ ಹಂತದಲ್ಲಿ ನಿಲ್ಲಲಾರದೆಂದು ತಿಳಿದಾಗ ಮೊದಲಿನಿಂದ ಶುರುಮಾಡುವುದೊಂದೇ ಉಪಾಯವಾಗಿದ್ದರಿಂದ, ಪ್ರಯೋಗದ ಬೆಲೆ ವಿಪರೀತವಾಗಿ, ಪರರು ಪರೀಕ್ಷಿಸಿದ ಬಿಲ್ಡನ್ನೇ ಅನುಸರಿಸುವುದು ವಿವೇಕವೆನಿಸಿಕೊಂಡಿತು.

ಹಲವರು ಕೂಡಿ ಆಡುವಲ್ಲಿ ಈ ಒತ್ತಡ ಇನ್ನೂ ಬಿಗಿ. 2004ರಲ್ಲಿ ಆರಂಭವಾದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಲ್ಲಿ ನಲವತ್ತು ಜನ ಒಟ್ಟಾಗಿ ಒಂದು ದೈತ್ಯನನ್ನು ಎದುರಿಸುವ ಕಾಳಗಗಳಿದ್ದವು. ಅಲ್ಲಿ ಒಬ್ಬರ ದುರ್ಬಲ ಬಿಲ್ಡ್ ಮೂವತ್ತೊಂಬತ್ತು ಮಂದಿಯ ಸಂಜೆಯನ್ನು ಕೆಡಿಸಬಹುದಾದ್ದರಿಂದ, ಇಷ್ಟದ ಆಯ್ಕೆಯು ಕ್ರಮೇಣ ತಂಡಕ್ಕೆ ಸಲ್ಲಿಸಬೇಕಾದ ಕರ್ತವ್ಯವಾಯಿತು. ಕವಲು ಕವಲಾಗಿ ಹರಡಿದ್ದ ಪ್ರತಿಭಾವೃಕ್ಷವನ್ನು, ಅಂದರೆ ಅಂಕ ಹಾಕಿ ಕೌಶಲ ಗಳಿಸುವ ಪಟ್ಟಿಯನ್ನು, ತಯಾರಕರು 2012ರಲ್ಲಿ ತೆಗೆದುಹಾಕಿ, ಮೂರರಲ್ಲಿ ಒಂದನ್ನು ಆರಿಸುವ ಆರು ಸಾಲುಗಳನ್ನಷ್ಟೇ ಇಟ್ಟರು. ಹೆಚ್ಚಿನವರು ಒಂದೇ ಸಿದ್ಧ ಉತ್ತರವನ್ನು ತುಂಬುತ್ತಿದ್ದಾಗ ಉಳಿದಿದ್ದ ಆಯ್ಕೆ ಹೆಸರಿಗೆ ಮಾತ್ರವಲ್ಲವೇ ಎಂಬ ವಾದ ಆ ಬದಲಾವಣೆಯ ಹಿಂದಿತ್ತು, ಅದರಲ್ಲಿ ತಥ್ಯವೂ ಇತ್ತು. ಆದರೂ 2022ರ 'ಡ್ರ್ಯಾಗನ್‌ಫ್ಲೈಟ್' ಆವೃತ್ತಿಯಲ್ಲಿ ವೃಕ್ಷ ಮರಳಿ ಬಂದಿತು, ಇಡೀ ಬಿಲ್ಡನ್ನು ಅಕ್ಷರಗಳ ಒಂದು ಸಾಲಾಗಿ ಪರಸ್ಪರ ಹಂಚಿಕೊಳ್ಳುವ ಸೌಲಭ್ಯವೂ ಅದರೊಂದಿಗೇ ಬಂದಿತು. ನಕಲಿಗೆ ಅವಕಾಶವಿದ್ದರೂ ಆಯ್ಕೆಯ ವಿಸ್ತಾರ ಬೇಕೆನ್ನುವವರು ಉಳಿದಿದ್ದಾರೆ ಎಂದು ಇದರಿಂದ ತಿಳಿಯುತ್ತದೆ.

ದಾರ್ಶನಿಕ ಬರ್ನಾರ್ಡ್ ಸೂಟ್ಸ್ 1978ರಲ್ಲಿ ಪ್ರಕಟಿಸಿದ 'ದ ಗ್ರಾಸ್‌ಹಾಪರ್' ಎಂಬ ಗ್ರಂಥದಲ್ಲಿ, ಅನಗತ್ಯವಾದ ಅಡ್ಡಿಗಳನ್ನು ಸ್ವಂತ ಇಚ್ಛೆಯಿಂದ ಒಪ್ಪಿಕೊಂಡು ಅವನ್ನು ದಾಟಲು ಯತ್ನಿಸುವುದೇ ಆಟವೆಂದು ಪ್ರತಿಪಾದಿಸಿದರು. ಈ ವ್ಯಾಖ್ಯೆಯನ್ನು ಒಪ್ಪಿದರೆ, ಬಿಲ್ಡನ್ನು ತಿದ್ದುವುದು ಎಲ್ಲಿಯವರೆಗೆ ಒಂದು ಅಡ್ಡಿಯನ್ನು ದಾಟುವ ಯತ್ನವಾಗಿರುತ್ತದೋ ಅಲ್ಲಿಯವರೆಗೆ ಅದು ಆಟದ ಒಳಗಿದೆ, ಎಲ್ಲ ಅಡ್ಡಿಗಳನ್ನೂ ಮೊದಲೇ ಅಳಿಸಿಹಾಕುವ ಸಾಧನವಾದಾಗ ಹೊರಗೆ ಬೀಳುತ್ತದೆ. ಒಂದೇ ಏಟಿಗೆ ಉರುಳುವ ಶತ್ರುವಿನ ಮುಂದೆ ಎಚ್ಚರ ಬೇಕಿಲ್ಲ, ಕೈಚಳಕವೂ ಬೇಕಿಲ್ಲ.

ಈ ಇಕ್ಕಟ್ಟಿಗೆ ಅತ್ಯಂತ ಸಮರ್ಪಕವಾದ ಪರಿಹಾರ ಆಟವನ್ನು ರಚಿಸುವ ಕ್ರಮದಲ್ಲೇ ದೊರೆತಿದೆ. 2019ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ 'ಸ್ಲೇ ದ ಸ್ಪೈರ್' ಆಟದಲ್ಲಿ ಪಾತ್ರದ ಬಲವಿರುವುದು ಕಾರ್ಡುಗಳ ಕಟ್ಟಿನಲ್ಲಿ. ಸಾಮಾನ್ಯವಾಗಿ ಪ್ರತಿ ಕಾಳಗ ಗೆದ್ದ ಬಳಿಕ ಮೂರು ಕಾರ್ಡುಗಳು ಯಾದೃಚ್ಛಿಕವಾಗಿ, ಅಂದರೆ ಪೂರ್ವನಿಶ್ಚಯವಿಲ್ಲದೆ, ಎದುರಿಗೆ ಬರುತ್ತವೆ. ಅವುಗಳಲ್ಲೊಂದನ್ನು ತೆಗೆದುಕೊಳ್ಳಬಹುದು, ಕಟ್ಟು ದಪ್ಪವಾದರೆ ಒಳ್ಳೆಯ ಕಾರ್ಡು ಕೈಗೆ ಬರುವುದು ತಡವಾಗುವುದರಿಂದ ಮೂರನ್ನೂ ಬಿಡಬಹುದು. ಬೇಕಾದ ಕಾರ್ಡು ಬರುತ್ತದೆಂಬ ಭರವಸೆ ಇಲ್ಲದಿರುವುದರಿಂದ ಅನುಭವಿಗಳ ಕೈಪಿಡಿಯು ಯಾವ ಕಾರ್ಡು ಯಾವುದಕ್ಕೆ ಹೊಂದುತ್ತದೆಂದು ಹೇಳಬಲ್ಲದೇ ಹೊರತು, ಪೂರ್ತಿ ಸಿದ್ಧಪಡಿಸಿದ ಬಿಲ್ಡನ್ನು ಕೊಡಲಾರದು. ಸೋತರೆ ಪಾತ್ರ ಅಲ್ಲಿಗೆ ಮುಗಿಯುತ್ತದೆ, ಮುಂದಿನ ಸಲ ಬೇರೆಯೇ ಕಾರ್ಡುಗಳೊಂದಿಗೆ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ.